ಅರ್ಧ ಕಪ್ಪು, ಪೂರ್ತಿ ನೇಪಲ್ಸ್

ಬ್ಲೂಸ್ ಅಮೆರಿಕದ ಕಪ್ಪುಜನರಲ್ಲಿ ಹುಟ್ಟಿದ ಸಂಗೀತ; ಇಟಲಿಯವರ ಬ್ಲೂಸ್ ಎಂದರೆ ಅದರ ನಕಲು ತಾನೇ ಎನ್ನುವವರಿಗೆ, ಗಿಟಾರ್ ವಾದಕ ಮತ್ತು ಗಾಯಕ ಪೀನೊ ದಾನಿಯೇಲೆ ಅವರ 1980ರ ಆಲ್ಬಂ ಕೇಳಿ ನೋಡಿ ಎನ್ನುತ್ತೇನೆ. ‘ನೇರೊ ಅ ಮೆತಾ’ ಎಂಬ ಅದರ ಹೆಸರಿಗೆ ‘ಅರ್ಧ ಕಪ್ಪು’ ಎಂದರ್ಥ. ಅದು ಬರಿಯ ಅಲಂಕಾರದ ಮಾತಲ್ಲ. ಎರಡನೇ ಮಹಾಯುದ್ಧದಲ್ಲಿ, 1943ರಲ್ಲಿ, ಮಿತ್ರಪಡೆಗಳು ದಕ್ಷಿಣ ಇಟಲಿಯ ಬಂದರು ನಗರ ನೇಪಲ್ಸನ್ನು ಹೊಕ್ಕ ಮೇಲೆ, ಆ ಸೈನಿಕರಿಗೂ ಸ್ಥಳೀಯ ಹೆಂಗಸರಿಗೂ ಹುಟ್ಟಿದ ಮಕ್ಕಳು ಅದೇ ಊರಿನ ಓಣಿಗಳಲ್ಲಿ ಬೆಳೆದರು. ಪೀನೊ ಜೊತೆ ಸ್ಯಾಕ್ಸೊಫೋನ್ ನುಡಿಸಿದ ಜೇಮ್ಸ್ ಸೆನೆಸೆ ಅವರ ತಂದೆ ಒಬ್ಬ ಕಪ್ಪು ಅಮೆರಿಕನ್ ಸೈನಿಕ; ಆಲ್ಬಂ ಅರ್ಪಿತವಾಗಿರುವ ಗಾಯಕ ಮಾರಿಯೊ ಮುಸೆಲ್ಲಾ ಅವರೂ ಅಮೆರಿಕನ್ ಸೈನಿಕನ ಮಗನೇ.

ಪೀನೊ ಹುಟ್ಟಿದ್ದು ಅದೇ ನೇಪಲ್ಸಿನಲ್ಲಿ, 1955ರ ಮಾರ್ಚ್ 19ರಂದು, ಬಂದರಿನಲ್ಲಿ ದುಡಿಯುತ್ತಿದ್ದವರೊಬ್ಬರ ಆರು ಮಕ್ಕಳಲ್ಲಿ ಹಿರಿಯರಾಗಿ. 1977ರ ಮೊದಲ ಆಲ್ಬಮ್ಮಿನಲ್ಲಿ ಒಂದು ಲೋಟ ಕಾಫಿಯ ಹಾಡಿದೆ. ಕೇಳಲು ತಮಾಷೆಯಾಗಿದ್ದರೂ, ಆಳುವವರು ಊರನ್ನು ತಿಂದು ತೇಗುವಾಗ ಬಡವರ ಬಾಯಿ ಮುಚ್ಚಿಸಲು ಕಾಫಿಯೊಂದೇ ಸಾಕಾಗುತ್ತದೆ ಎಂಬ ಕಹಿ ಅದರೊಳಗಿದೆ.

ನನ್ನ ಮಟ್ಟಿಗೆ ಅವರ ದೊಡ್ಡ ಸಾಧನೆ ಬೆರಳುಗಳದ್ದಲ್ಲ, ನಾಲಿಗೆಯದು. ಕನ್ನಡದ ಹಾಗೆ ಶಿಷ್ಟ ಇಟಾಲಿಯನ್ನಿನಲ್ಲೂ ಹೆಚ್ಚಿನ ಪದಗಳು ಸ್ವರದಲ್ಲಿ ಮುಗಿಯುತ್ತವೆ. ಬ್ಲೂಸಿನ ತುಂಡು ತುಂಡಾದ ಲಯಕ್ಕೆ ಅವನ್ನು ಹೊಂದಿಸುವುದು ಸುಲಭವಲ್ಲ. ನೇಪಲ್ಸಿನ ಆಡುನುಡಿಯಲ್ಲಾದರೋ ಕೊನೆಯ ಸ್ವರ ಅರ್ಧ ನುಂಗಿಹೋಗುತ್ತದೆ. ನೇಪಲ್ಸಿನ ಇಟಾಲಿಯನ್ ಹೆಸರು ‘ನಾಪೊಲಿ’ ಅಲ್ಲಿ ‘ನಾಪುಲೆ’. ಆ ಕೊನೆಯ ಎಕಾರ ಕಿವಿಗೆ ಬೀಳುವುದೇ ಅಪರೂಪ. ಪೀನೊ ತಮ್ಮ ತೆಳುವಾದ, ಎತ್ತರದ ದನಿಯಲ್ಲಿ ಈ ಮೊಟಕು ಪದಗಳನ್ನು ಗಿಟಾರಿನ ತಂತಿ ಮೀಟಿದಂತೆಯೇ ಮೀಟಿ ಬಿಡುತ್ತಿದ್ದರು. ತೊಂಬತ್ತರ ದಶಕದಲ್ಲಿ ಅವರು ಶಿಷ್ಟ ಭಾಷೆಯ ಪಾಪ್ ಹಾಡುಗಳ ಕಡೆಗೆ ಹೆಚ್ಚು ವಾಲಿದರು, ಜನಪ್ರಿಯತೆಯೂ ಹೆಚ್ಚಿತು. ಆ ಹಾಡುಗಳಲ್ಲಿ ಹಳೆಯ ಖಾರ ನನಗಂತೂ ಸಿಗುವುದಿಲ್ಲ. (ಅಭಿಮಾನಿಯ ಮೊಂಡುತನ ಎಂದರೂ ಸರಿಯೇ.) ಆದರೆ ವಾದಕರಾಗಿ ಅವರು ಸೊರಗಲಿಲ್ಲ: 2010ರಲ್ಲಿ ಷಿಕಾಗೊ ಬಳಿ ನಡೆದ, ಬ್ರಿಟಿಷ್ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಅವರ ಗಿಟಾರ್ ಉತ್ಸವದಲ್ಲಿ ನುಡಿಸಿದರು, ಮರುವರ್ಷ ಕ್ಲಾಪ್ಟನ್ ಅವರೇ ನೇಪಲ್ಸಿಗೆ ಹತ್ತಿರದ ಕಾವಾ ದೇ ತಿರ್ರೇನಿ ಎಂಬ ಊರಿಗೆ ಬಂದು ಇವರ ಜೊತೆ ವೇದಿಕೆ ಹಂಚಿಕೊಂಡರು.

1981ರ ಸೆಪ್ಟೆಂಬರ್ 19ರಂದು ನೇಪಲ್ಸಿನ ಪ್ಲೆಬಿಶಿತೊ ಚೌಕದಲ್ಲಿ ಇವರ ಹಾಡು ಕೇಳಲು ಸುಮಾರು 2 ಲಕ್ಷ ಜನ ಸೇರಿದ್ದರು. ಬಹುಕಾಲ ಕಾಡಿದ ಹೃದ್ರೋಗ 2015ರ ಜನವರಿ 4ರಂದು, 59ನೇ ವಯಸ್ಸಿನಲ್ಲಿ, ಅವರನ್ನು ಕೊಂಡೊಯ್ದಿತು. ಅಂತ್ಯಕ್ರಿಯೆ ರೋಮಿನಲ್ಲಿ ಮಾತ್ರ ಎಂದಾಗ ನೇಪಲ್ಸಿನವರು ಒಪ್ಪಲಿಲ್ಲ. ಕೊನೆಗೆ ಒಂದೇ ದಿನ ಬೆಳಿಗ್ಗೆ ರೋಮಿನಲ್ಲಿ, ಸಂಜೆ ಅದೇ ಪ್ಲೆಬಿಶಿತೊ ಚೌಕದಲ್ಲಿ, ಹೀಗೆ ಎರಡೆರಡು ಬಾರಿ ಅವರನ್ನು ಬೀಳ್ಕೊಡಬೇಕಾಯಿತು.