ಎಲ್ಲ ಸೆಳವೂ ಅಪಸ್ಮಾರವಲ್ಲ
ಉಗ್ರರ ಸೆರೆಯಿಂದ ಪಾರಾದ ಯಜೀದಿ (ಇರಾಕ್‌ನ ಒಂದು ಅಲ್ಪಸಂಖ್ಯಾತ ಧಾರ್ಮಿಕ ಸಮುದಾಯ) ಹೆಣ್ಣುಮಕ್ಕಳು ಪದೇ ಪದೇ ಪ್ರಜ್ಞೆ ತಪ್ಪುವುದನ್ನು ಅವರ ಬಗ್ಗೆ ಬಂದ ಲೇಖನವೊಂದು ‘ಫಿಟ್ಸ್’, ಅಂದರೆ ಅಪಸ್ಮಾರ, ಎಂದಿದೆ. ಇಲ್ಲೊಂದು ತಿದ್ದುಪಡಿ ಬೇಕು. 2014ರ ಆಗಸ್ಟ್‌ನಲ್ಲಿ ಉತ್ತರ ಇರಾಕ್‌ನ ಸಿಂಜಾರ್‌ನಿಂದ ಐಸಿಸ್ ಉಗ್ರರು ಹೊತ್ತೊಯ್ದವರಲ್ಲಿ ಹಲವರಿಗೆ ಬರುವುದು ಅಪಸ್ಮಾರವಲ್ಲ, ಮಾನಸಿಕ ಆಘಾತದಿಂದ ಹುಟ್ಟುವ ಸೆಳವು. ನಟನೆಯಂತೂ ಅಲ್ಲ. ಸಾಮಾನ್ಯವಾಗಿ ಕಣ್ಣು ಬಿಗಿಯಾಗಿ ಮುಚ್ಚಿರುತ್ತದೆ, ಸೆಳವು ಎಷ್ಟೋ ಸಲ 2 ನಿಮಿಷ ದಾಟುತ್ತದೆ, ಆ ಹೊತ್ತಿನ ಇಇಜಿಯಲ್ಲಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ಅಪಸ್ಮಾರದ ಅಲೆಗಳು ಕಾಣುವುದಿಲ್ಲ. ಫಿಟ್ಸ್ ಮಾತ್ರೆ ಕೊಟ್ಟರೆ ಮಂಪರು ಹತ್ತೀತೇ ಹೊರತು ಸೆಳವು ನಿಲ್ಲದು. (ಮೊದಲ ಸಲವಾದರೆ ಆಸ್ಪತ್ರೆಗೆ ಒಯ್ಯಲೇಬೇಕು, ಅದು ಬೇರೆ ಮಾತು.)

ಸುತ್ತಲಿನವರು ಮಾಡುವ ದೊಡ್ಡ ತಪ್ಪು ಕೈಕಾಲು ಅದುಮಿ ಹಿಡಿಯುವುದು. ಕಟ್ಟಿಹಾಕಿಸಿಕೊಂಡಿದ್ದ ದೇಹಕ್ಕೆ ಅದು ಮತ್ತೆ ಸೆರೆಯೇ. ತಲೆಯಡಿ ಮೆತ್ತನೆಯದೇನಾದರೂ ಇಟ್ಟು, ಗುಂಪು ಚದುರಿಸಿ, ತಗ್ಗಿದ ದನಿಯಲ್ಲಿ, ಅವರದೇ ಕುರ್ದಿಶ್ ನುಡಿಯಾದ ಕುರ್ಮಾಂಜಿಯಲ್ಲಿ ಹೆಸರು ಕರೆದು, ಈಗ ಎಲ್ಲಿದ್ದೀರಿ, ಇವತ್ತು ಯಾವ ದಿನ ಎಂದು ಹೇಳುತ್ತಿರಬೇಕು. ದುಭಾಷಿ ಹೆಣ್ಣಾಗಿದ್ದರೆ ಒಳ್ಳೆಯದು.

ಯಜೀದಿಗಳ ಪುಣ್ಯಕ್ಷೇತ್ರ ಲಾಲಿಶ್‌ನ ಬಿಳಿ ಚಿಲುಮೆಯಲ್ಲಿ ಮತ್ತೆ ದೀಕ್ಷಾಸ್ನಾನ ಮಾಡಿಸಿ, ಅವರ ಧರ್ಮಗುರು ಬಾಬಾ ಶೇಖ್ ಈ ಹೆಣ್ಣುಮಕ್ಕಳನ್ನು ಬರಮಾಡಿಕೊಂಡದ್ದನ್ನು ಲೇಖನ ಒಂದೇ ಸಾಲಿನಲ್ಲಿ ಮುಗಿಸಿದೆ. ಕಳಂಕದ ಭಾರ ಇಳಿಸಿದ್ದರಲ್ಲಿ ಅದರ ಪಾಲು ಸಣ್ಣದಲ್ಲ. ಆದರೆ ಅತ್ಯಾಚಾರದಿಂದ ಹುಟ್ಟಿದ ಮಕ್ಕಳಿಗೆ ಸಮುದಾಯದ ಬಾಗಿಲು ತೆರೆಯಲಿಲ್ಲ. ಮಗುವನ್ನು ಬಿಟ್ಟು ಬಂದ ತಾಯಂದಿರ ಚಿಕಿತ್ಸೆ ತೊಡಕಾಗುವುದು ಅಲ್ಲೇ.