ಗಾಳಿ ಎಷ್ಟು ಹಾಕ್ಲಿ ಸಾರ್?

ಕಾರಿಗೆ ಗಾಳಿ ಎಷ್ಟು ಹಾಕಿಸ್ಬೇಕು ಅಂತ ಯಾರನ್ನ ಕೇಳಿದ್ರೂ ಉತ್ತರ ಸಿಗತ್ತೆ, ಕಾರೇ ಇಲ್ಲದೋರ ಹತ್ರ ಇನ್ನೂ ಬೇಗ ಸಿಗತ್ತೆ. ಸರಿ ಉತ್ತರ ಇರೋದು ಮಾತ್ರ ಡ್ರೈವರ್ ಬಾಗಿಲು ತೆಗೆದ್ರೆ ಪಕ್ಕದಲ್ಲೇ ಕಾಣೋ ಸ್ಟಿಕರ್ ಮೇಲೆ, ಕೆಲವು ಕಾರಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ. ಪಾಪ, ಅದನ್ನ ಕೇಳೋರೇ ಇಲ್ಲ.

ನಮ್ಮ ಭಾವಂದು ಒದ್ದು ನೋಡೋ ಪಂಗಡ. ಟೈರಿಗೆ ಬೂಟುಗಾಲಲ್ಲಿ ಒಂದು ಒದೆ ಕೊಟ್ಟು, ನಾಡಿ ಹಿಡಿದ ವೈದ್ಯರ ಥರ ಒಂದು ಕ್ಷಣ ಕಣ್ಣು ಮುಚ್ಚಿ, "ಕರೆಕ್ಟಾಗಿದೆ ನಡೀರಯ್ಯ" ಅಂತಾರೆ. ಈಗಿನ ರೇಡಿಯಲ್ ಟೈರು 33 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಇದ್ರೂ 25 ಇದ್ರೂ ಕೆಳಗಡೆ ಚೂರು ಉಬ್ಬಿಕೊಂಡೇ ಕಾಣತ್ತೆ, ಕಣ್ಣಿಗೇ ಗೊತ್ತಾಗಲ್ಲ ಇನ್ನು ಕಾಲಿಗೆಲ್ಲಿ ಗೊತ್ತಾಗತ್ತೆ. ನಾನೊಂದು ಪ್ರೆಶರ್ ಗೇಜ್ ತಂದು ಹಿಡಿದು ತೋರಿಸಿದೆ, 24 ಅಂತು. ಭಾವ ಅದನ್ನ ಈಸ್ಕೊಂಡು, ತಿರುಗಿಸಿ ಮುರುಗಿಸಿ ನೋಡಿ, ಗೇಜೇ ಕೆಟ್ಟಿದೆ ಅಂತ ವಾಪಸ್ ಕೊಟ್ರು.

ಆಮೇಲೆ ಅವರಿಗೆ ಟೈರಿನ ಮೇಲೇ ಬರೆದಿರತ್ತೆ ಅನ್ನೋದು ಎಲ್ಲಿಂದಲೋ ಗೊತ್ತಾಯ್ತು ನೋಡಿ, ಅಲ್ಲಿಂದ ಶುರುವಾಯ್ತು ಕಷ್ಟ. ಮೊಬೈಲ್ ಟಾರ್ಚ್ ಹಾಕ್ಕೊಂಡು ಬಗ್ಗಿ ಓದಿದ್ರೆ ಮ್ಯಾಕ್ಸ್ 51 ಪಿಎಸ್‌ಐ ಅಂತಿದೆ. "ನೋಡಯ್ಯ, ಕಂಪನಿಯೋರೇ ಬರೆದಿದಾರೆ, ನಿಂದೇನು ಮಧ್ಯ?" ಭಾವ, ಅದು ಆ ಟೈರು ತಡ್ಕೊಳ್ಳೋ ಕಟ್ಟಕಡೆಯ ಮಿತಿ, ನಿಮ್ಮ ಕಾರಿಗೆ ಬೇಕಾದ್ದು ಬಾಗಿಲ ಹತ್ರ ಇದೆ ಅಂತ ಬಾಯಿ ನೋಯೋವರೆಗೂ ಹೇಳಿದ ಮೇಲೆ, ದೊಡ್ಡ ಮನಸ್ಸು ಮಾಡಿ 44ಕ್ಕೆ ಇಳಿದ್ರು. ಆ ಸಲ ಹಿಂದಿನ ಸೀಟಲ್ಲಿ ಕೂತೋರಿಗೆಲ್ಲ ರಸ್ತೇಲಿರೋ ಒಂದೊಂದು ಜಲ್ಲಿಕಲ್ಲೂ ಬೆನ್ನುಮೂಳೆಗೆ ಬಂದು ಹೆಸರು ಹೇಳಿ ಹೋಯ್ತು. ಗಾಳಿ ಜಾಸ್ತಿ ಆದ್ರೆ ಟೈರು ಮಧ್ಯದಲ್ಲಿ ಸವೆಯತ್ತೆ, ಹಿಡಿತ ಕಮ್ಮಿ ಆಗತ್ತೆ, ಕಮ್ಮಿ ಆದ್ರೆ ಎರಡೂ ಅಂಚಲ್ಲಿ ಸವೆಯತ್ತೆ, ಬಿಸಿ ಏರತ್ತೆ, ಪೆಟ್ರೋಲೂ ಕುಡಿಯತ್ತೆ. ಭಾವನ ಟೈರು ಎರಡೂ ಥರ ಸವೆದು ಒಟ್ಟಿನಲ್ಲಿ ಒಂದು ಸಮ ಆಗಿದೆ, ಅದನ್ನೇ ಅವರು ಬ್ಯಾಲೆನ್ಸ್ ಅಂತಾರೆ.

ಇನ್ನೊಂದು ತಮಾಷೆ, ಸ್ಟಿಕರ್‌ನಲ್ಲಿರೋ 33ರ ಲೆಕ್ಕ ಟೈರು ತಣ್ಣಗಿರುವಾಗಿಂದು. ಓಡಿಸ್ಕೊಂಡು ಬಂಕಿಗೆ ಹೋಗೋಷ್ಟರಲ್ಲಿ ಟೈರು ಬಿಸಿಯಾಗಿ ನಾಲ್ಕೈದು ಪಿಎಸ್‌ಐ ತಾನಾಗೇ ಏರಿರತ್ತೆ. ಅಲ್ಲಿ ಮೆಷಿನ್ 37 ತೋರಿಸ್ತು, ಭಾವ "ಅಯ್ಯೋ ಜಾಸ್ತಿ ಆಯ್ತು" ಅಂತ ಬುಸ್ ಬುಸ್ ಅಂತ ಗಾಳಿ ಬಿಡಿಸಿ ನೆಮ್ಮದಿಯಾಗಿ ಬಂದ್ರು. ರಾತ್ರಿ ಚಳಿ, ವಾತಾವರಣ ಹತ್ತು ಡಿಗ್ರಿ ಇಳಿದ್ರೆ ಸುಮಾರು 2 ಪಿಎಸ್‌ಐ ಅದರಲ್ಲೇ ಹೋಯ್ತು, ಅದೂ ಅಲ್ದೆ ಪಂಕ್ಚರ್ ಇಲ್ದಿದ್ರೂ ರಬ್ಬರ್ ಒಳಗಿಂದ ತಿಂಗಳಿಗೆ ಒಂದು ಪಿಎಸ್‌ಐ ಆಸುಪಾಸು ಸೋರ್ತಾನೇ ಇರತ್ತೆ, ಎಲ್ಲಾ ಸೇರಿ ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿದ್ರೆ ಡ್ಯಾಶ್‌ಬೋರ್ಡಲ್ಲಿ ಗಾಳಿ ಕಮ್ಮಿ ಅನ್ನೋ ಹಳದಿ ಲೈಟು. ಅಕ್ಕ ಅದನ್ನ ನೋಡಿ, "ರೀ, ಏನೋ ಹೇಳ್ತಿದೆ ನೋಡ್ರೀ" ಅಂದ್ಲಂತೆ. ಭಾವ ಸ್ಟೇರಿಂಗನ್ನ ಸ್ವಲ್ಪ ಮೇಲಕ್ಕೆ ಅಡ್ಜಸ್ಟ್ ಮಾಡ್ಕೊಂಡ್ರಂತೆ, ಲೈಟು ಮರೆಯಾಯ್ತು, ರಿಪೇರಿ ಮುಗೀತು.

ಗಾಳಿ ಬದಲು ದುಡ್ಡು ಕೊಟ್ಟು ಟೈರಿಗೆ ತುಂಬಿಸೋ ನೈಟ್ರೋಜನ್ ಕಥೆ ಬೇಡ ಬಿಡಿ. ಮಾಮೂಲಿ ಗಾಳೀಲೇ ನೂರಕ್ಕೆ 78 ಭಾಗ ಅದೇ ಇದೆ, ಭಾವ ದುಡ್ಡು ಕೊಟ್ಟಿದ್ದು ಬಹುಶಃ ನೈಟ್ರೋಜನ್ ಗುರುತಿಗೆ ಹಾಕೋ ಆ ಹಸಿರು ಕ್ಯಾಪಿಗೆ.

ಕೊನೆಗೆ ಊರಾಚೆ ಟೈರು ಪಂಕ್ಚರ್ ಆಯ್ತು. ಸ್ಟೆಪ್ನಿ ಯಾವಾಗಲೂ ಎಲ್ಲಾ ಲಗೇಜಿನ ಅಡಿಯಲ್ಲೇ ಇರ್ಬೇಕು ಅಂತ ಯಾರು ರೂಲ್ಸ್ ಮಾಡಿದ್ರೋ, ಅಷ್ಟೂ ಸಾಮಾನು ರಸ್ತೆ ಬದಿಗೆ ಜೋಡಿಸಿದ್ವಿ, ನೋಡೋರಿಗೆ ನಾವು ಮನೆ ಖಾಲಿ ಮಾಡ್ತಿದ್ದ ಹಾಗಿತ್ತು. ಆಚೆ ತೆಗೆದ್ರೆ ಅದು ತೆಳ್ಳಗಿರೋ ಟೆಂಪರರಿ ಸ್ಟೆಪ್ನಿ, ಅದಕ್ಕೆ 60 ಪಿಎಸ್‌ಐ ಬೇಕು ಅಂತ ಅದರ ಮೈಮೇಲೇ ಬರೆದಿದೆ, ಗೇಜ್ ಇಟ್ರೆ 18. ಕಾರು ಕೊಂಡಾಗಿನಿಂದ ಅದನ್ನ ಯಾರೂ ಮಾತಾಡಿಸೇ ಇಲ್ಲ. ಪುಣ್ಯಕ್ಕೆ ನನ್ನ ಹತ್ರ ಕಾರಿನ ಸಾಕೆಟ್ಟಿಗೆ ಹಾಕೋ ಪುಟ್ಟ ಪಂಪು ಇತ್ತು, ಅದು ಗೊರ್ರ್ ಅಂತ ಮೈಯೆಲ್ಲ ಬಿಸಿ ಮಾಡ್ಕೊಂಡು ಒಂದೊಂದೇ ಪಾಯಿಂಟ್ ಏರಿಸ್ತಿದ್ರೆ ಭಾವ ಪಕ್ಕದಲ್ಲಿ ನಿಂತು, "ಸಾಕು ಸಾಕು, 33 ಬಂತಲ್ಲ, ನೀನೇ ಹೇಳಿದ್ಯಲ್ಲ ಸ್ಟಿಕರ್ ನೋಡು ಅಂತ!" ಅಂದ್ರು. ನನಗೆ ಅಳೋದೋ ನಗೋದೋ ಗೊತ್ತಾಗ್ಲಿಲ್ಲ.

ಆ ಟೈರಲ್ಲಿ ಗಂಟೆಗೆ 80 ಕಿಲೋಮೀಟರ್ ದಾಟೋ ಹಾಗಿಲ್ಲ. ಹೈವೇಲಿ ಲಾರಿಗಳೂ ಹಾರ್ನ್ ಹೊಡ್ಕೊಂಡು ನಮ್ಮನ್ನ ದಾಟಿ ಹೋಗ್ತಿದ್ರೆ ಭಾವ ಕಿಟಕಿ ಗ್ಲಾಸ್ ಏರಿಸಿ, ಹಿಂದೆ ಕೂತ ಮಕ್ಕಳಿಗೆ ನಿಧಾನವಾಗಿ ಹೋದ್ರೆ ಮೈಲೇಜ್ ಎಷ್ಟು ಚೆನ್ನಾಗಿ ಬರತ್ತೆ ಅಂತ ಪಾಠ ಶುರು ಮಾಡಿದ್ರು.