ಕಾರ್ಡು ಬದುಕಿದೆ, ಪರದೆ ಕಪ್ಪು

ನೆಂಟರಿಷ್ಟರಲ್ಲಿ ಒಬ್ಬನಿಗೆ, ವಿಂಡೋಸಿನ ಜಾಗದಲ್ಲಿ ಹಾಕಬಹುದಾದ ಲಿನಕ್ಸ್ ಗೊತ್ತು ಎಂಬ ಸುದ್ದಿ ಹರಡಿತೆಂದರೆ ಅವನು ತನ್ನ ಭಾನುವಾರಗಳಿಗೆ ಎಳ್ಳುನೀರು ಬಿಡಬೇಕು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪು ಬೇಕು, ಪ್ರೊಸೆಸರ್ ಇಂಥ ತಲೆಮಾರಿನದೇ ಆಗಿರಬೇಕು ಎಂದು ಷರತ್ತುಗಳ ಪಟ್ಟಿಯೇ ಇದೆ. ನಮ್ಮ ಬಂಧುಬಳಗದ ಕಂಪ್ಯೂಟರುಗಳಲ್ಲಿ ಹೆಚ್ಚಿನವು ಟಿಪಿಎಂ ಎಂಬ ಹೆಸರನ್ನೇ ಕೇಳದೆ ಬೆಳೆದವು. ಅಂದಿನಿಂದ ನನಗೆ ಶುಭಕಾರ್ಯಗಳ ಆಮಂತ್ರಣ ಪತ್ರಿಕೆಗಿಂತ "ಸ್ವಲ್ಪ ಬಂದು ಲಿನಕ್ಸ್ ಹಾಕಿಕೊಡು" ಎಂಬ ಕರೆಗಳೇ ಹೆಚ್ಚು. ಮೊನ್ನೆ ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ ಕೂತಿದ್ದಾಗ ಹೋಳಿಗೆ ಬಡಿಸುತ್ತಿದ್ದವರು ತುಪ್ಪ ಹಾಕುವ ಮೊದಲೇ ಕೇಳಿದರು: "ನಮ್ಮ ಹಳೆಯ ಸಿಸ್ಟಮ್ಮಿಗೂ ಹಾಕಬಹುದೇ ಸಾರ್?" ಹಾಕಬಹುದು ಎಂದ ಮೇಲೆಯೇ ತುಪ್ಪ ಬಿತ್ತು.

ಲಿನಕ್ಸ್ ಹಾಕುವುದು ಈಗ ದೊಡ್ಡ ವಿದ್ಯೆಯಲ್ಲ. ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಊರು ಯಾವುದು, ಕೀಲಿಮಣೆ ಯಾವುದು ಎಂಬ ಪ್ರಶ್ನೆಗಳಿಗೆ ಉತ್ತರ ಕೊಟ್ಟು, ಅಡುಗೆಮನೆಯಿಂದ ಕಾಫಿ ಬರುವಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ. ವೈಫೈ ಹಿಡಿಯುತ್ತದೆ, ಸ್ಪೀಕರು ಮಾತಾಡುತ್ತದೆ, ಎಷ್ಟೋ ಮನೆಗಳಲ್ಲಿ ವಿಂಡೋಸಿನ ಜೊತೆ ಮಾತು ಬಿಟ್ಟಿದ್ದ ಪ್ರಿಂಟರು ಕೂಡ ಒಂದು ಹಾಳೆ ಉಗುಳುತ್ತದೆ. ಮನೆಯವರೆಲ್ಲ ನನ್ನ ಹಿಂದೆ ನಿಂತು ಮೆಚ್ಚುಗೆಯಿಂದ ನೋಡುತ್ತಿರುವಾಗ ಮೊದಲ ಸಲ ರೀಸ್ಟಾರ್ಟ್ ಮಾಡುತ್ತೇನೆ. ಪರದೆ ಕಪ್ಪಾಗುತ್ತದೆ. ಕಪ್ಪಾಗಿಯೇ ಇರುತ್ತದೆ. ಹಿಂದೆ ನಿಂತವರು ಒಬ್ಬೊಬ್ಬರಾಗಿ ಒಳಗೆ ಹೋಗುತ್ತಾರೆ. ಆಗ ತಿಳಿಯಬೇಕು: ಈ ಪೆಟ್ಟಿಗೆಯೊಳಗೆ, ಪರದೆಗೆ ಚಿತ್ರ ಬಿಡಿಸಿಕೊಡುವ ಗ್ರಾಫಿಕ್ಸ್ ಕಾರ್ಡ್ ಇದೆ.

ತುಮಕೂರಿನ ನಮ್ಮ ಚಿಕ್ಕಪ್ಪನ ಮನೆಯ ಕಾರ್ಡು ಈ ಜಾತಿಯದು. ಚಿಕ್ಕಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕಾರ್ಡು ಕೊಂಡದ್ದು ಅವರ ಮಗ, ಎಂಜಿನಿಯರಿಂಗ್ ಓದುತ್ತಿದ್ದ ಕಾಲದಲ್ಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದು, ಪ್ರಾಜೆಕ್ಟಿಗೆ ಬೇಕು ಎಂದು ಮನೆಯಲ್ಲಿ ಹೇಳಿದ್ದ. ಆ ಪ್ರಾಜೆಕ್ಟಿನಲ್ಲಿ ಕಾರುಗಳು ಅತಿ ವೇಗದಲ್ಲಿ ಓಡಿ ಒಂದಕ್ಕೊಂದು ಗುದ್ದುತ್ತಿದ್ದವು. ಈಗ ಅವನು ಹೊರದೇಶದಲ್ಲಿದ್ದಾನೆ, ಕಾರ್ಡು ತುಮಕೂರಿನಲ್ಲಿದೆ. ಚಿಕ್ಕಪ್ಪನಿಗೆ ಬೇಕಾದದ್ದು ಇಷ್ಟೇ: ಬೆಳಗ್ಗೆ ಕನ್ನಡ ಪತ್ರಿಕೆ, ಮಧ್ಯಾಹ್ನ ಸಂಗೀತ ಕಛೇರಿಯ ವಿಡಿಯೊ, ಸಂಜೆ ಮಗನ ಮುಖ. ಇದಕ್ಕೆ ಫ್ಯಾನು ಹೊತ್ತ ಕಾರ್ಡು ಏಕೆ ಎಂದು ಕೇಳಬಹುದು. ಆ ಮದರ್‌ಬೋರ್ಡಿನಲ್ಲಿ ಬೇರೆ ಗ್ರಾಫಿಕ್ಸ್ ಇಲ್ಲ. ಕಾರ್ಡು ತೆಗೆದರೆ ಮಾನಿಟರಿನ ಕೇಬಲ್ ಸಿಕ್ಕಿಸುವುದಕ್ಕೂ ಜಾಗವಿಲ್ಲ.

ಪರದೆ ಕಪ್ಪಾದಾಗ ಮೊದಲು ಮಾಡುವ ಪೂಜೆ ರಬ್ಬರಿನದು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಕಾರ್ಡಿನ ಚಿನ್ನದ ಬಣ್ಣದ ಅಂಚನ್ನು ಉಜ್ಜಿ, ಊದಿ, ಮತ್ತೆ ಒತ್ತಿ ಕೂರಿಸುವುದು. ರಿಪೇರಿಯವರೆಲ್ಲ ಇದನ್ನು ಮಾಡುತ್ತಾರೆ, ಮತ್ತು ಎಷ್ಟೋ ಸಲ ಇದು ನಿಜವಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅಂಚಿನಲ್ಲಿ ಕೂತ ಕಿಲುಬು ಹೋಗುತ್ತದೆ. ನಾನು ಪೆಟ್ಟಿಗೆ ಬಿಚ್ಚಿದೆ. ಧೂಳು ಎಷ್ಟಿತ್ತೆಂದರೆ ಫ್ಯಾನಿನ ರೆಕ್ಕೆಗಳು ಎಣಿಸಲು ಸಿಗಲಿಲ್ಲ. ಚಿಕ್ಕಮ್ಮ ಬಾಗಿಲಲ್ಲಿ ನಿಂತು, "ಇದನ್ನು ಹೊರಗೆ ಹೋಗಿ ಊದು, ಈಗ ತಾನೇ ಒರೆಸಿದ್ದೇನೆ" ಎಂದರು. ಹೊರಗೆ ಹೋಗಿ ಊದಿದೆ. ಉಜ್ಜಿದೆ. ಕೂರಿಸಿದೆ. ಪರದೆ ಮೊದಲಿಗಿಂತ ಸ್ವಚ್ಛವಾದ ಕಪ್ಪು ಬಣ್ಣ ತೋರಿಸಿತು.

ಎರಡನೆಯ ಪೂಜೆ ನೋಮೋಡ್‌ಸೆಟ್. ಕಂಪ್ಯೂಟರ್ ಏಳುವಾಗ ಗ್ರಬ್ ಎಂಬ ಪಟ್ಟಿ ಬರುತ್ತದೆ. ಅಲ್ಲಿ 'ಇ' ಅಕ್ಷರ ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಉದ್ದನೆಯ ಸಾಲನ್ನು ಹುಡುಕಿ, ಅದರ ತುದಿಯಲ್ಲಿ ಈ ಒಂದು ಪದ ಬರೆದು ಎಫ್10 ಒತ್ತಿದರೆ ಲಿನಕ್ಸಿನ ತಿರುಳಾದ ಕರ್ನಲ್ಲು ಕಾರ್ಡಿನ ತಂಟೆಗೇ ಹೋಗುವುದಿಲ್ಲ. ಪರದೆಯ ಅಳತೆ, ಬಣ್ಣ ಇವನ್ನೆಲ್ಲ ತಾನೇ ನಿರ್ಧರಿಸುವ ಆಸೆ ಬಿಟ್ಟು, ಕಂಪ್ಯೂಟರನ್ನು ಎಬ್ಬಿಸುವ ಬಯಾಸ್ ಕೊಟ್ಟ ಸಾದಾ ಚಿತ್ರವನ್ನೇ ಇಟ್ಟುಕೊಳ್ಳುತ್ತದೆ. ಹಾಗೆ ಮಾಡಿದೆ. ಪರದೆ ಬೆಳಗಿತು. ಅಗಲವಾದ ಮಾನಿಟರಿನ ಮೇಲೆ 1024×768 ಅಳತೆಯ ಚಿತ್ರ ಎಳೆದು ಹಿಗ್ಗಿಸಿಕೊಂಡು ಕೂತಿತು. ವಾರ್ತೆ ಓದುವವರೆಲ್ಲ ಅಡ್ಡಡ್ಡ ಬೆಳೆದಿದ್ದರು. ಹಾಡುಗಾರರ ತಂಬೂರಿ ಕುಂಬಳಕಾಯಿಯ ಆಕಾರಕ್ಕೆ ಬಂದಿತ್ತು. ಚಿಕ್ಕಪ್ಪನಿಗೆ ಮಾತ್ರ ಬಹಳ ಸಂತೋಷ.

"ಅಕ್ಷರ ಎಷ್ಟು ದಪ್ಪ ಕಾಣುತ್ತದೆ ನೋಡು! ಕನ್ನಡಕವೇ ಬೇಡ. ಹೀಗೇ ಇರಲಿ ಬಿಡಪ್ಪ."

ಹೀಗೇ ಇರಲು ಬಿಡಬಹುದಿತ್ತು. ಆದರೆ ನೋಮೋಡ್‌ಸೆಟ್ ಹಾಕಿದರೆ ಚಿತ್ರ ಬಿಡಿಸುವ ಕೆಲಸವೆಲ್ಲ ಪ್ರೊಸೆಸರಿನ ತಲೆಗೆ ಬೀಳುತ್ತದೆ. ಕಛೇರಿಯಲ್ಲಿ ಗಾಯಕರು ಆಲಾಪನೆ ಮುಗಿಸಿ ಕೃತಿ ಹಿಡಿದಿರುತ್ತಾರೆ, ಪರದೆಯಲ್ಲಿ ಅವರ ಬಾಯಿ ಇನ್ನೂ ಆಲಾಪನೆಯಲ್ಲಿರುತ್ತದೆ. ಪ್ರೊಸೆಸರಿನ ಫ್ಯಾನಿನ ಶಬ್ದಕ್ಕೆ ಚಿಕ್ಕಮ್ಮ ಎರಡು ಸಲ ಒಲೆ ಆರಿಸಿ ಬಂದರು, ಕುಕ್ಕರ್ ಎಂದುಕೊಂಡು.

ಇದರ ಮೂಲ ಎಲ್ಲಿದೆ ಎಂದು ಹೇಳಬೇಕು. ಗ್ರಾಫಿಕ್ಸ್ ಕಾರ್ಡಿಗೆ ವಯಸ್ಸಾಗುವುದಿಲ್ಲ, ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರಿಗೆ ಆಗುತ್ತದೆ. ಕಾರ್ಡು ತಯಾರಿಸುವ ಎನ್‌ವಿಡಿಯಾ ಕಂಪನಿ ತನ್ನ ಜಿಫೋರ್ಸ್ 8, 9, 200, 300 ಸರಣಿಗಳ ಕಾರ್ಡುಗಳಿಗೆ ಲಿನಕ್ಸಿನಲ್ಲಿ ಕೊಡುತ್ತಿದ್ದ 340 ಸಂಖ್ಯೆಯ ಡ್ರೈವರಿನ ಬೆಂಬಲವನ್ನು 2019ರ ಕೊನೆಗೆ ನಿಲ್ಲಿಸಿತು. 400, 500 ಸರಣಿಗಳ 390 ಡ್ರೈವರಿಗೆ 2022ರ ಕೊನೆಗೆ ಅದೇ ಗತಿ. ಅದರ ಪ್ರತಿಸ್ಪರ್ಧಿಯಾದ ಎಎಂಡಿಯವರು 2012ರಲ್ಲೇ ರೇಡಿಯಾನ್ ಎಚ್‌ಡಿ 2000, 3000, 4000 ಸರಣಿಗಳನ್ನು ತಮ್ಮ ಮುಚ್ಚಿದ (ಅಂದರೆ ಮೂಲವನ್ನು ಯಾರಿಗೂ ತೋರಿಸದ) ಡ್ರೈವರಿನ ಮುಖ್ಯ ಪಂಕ್ತಿಯಿಂದ ಎಬ್ಬಿಸಿದ್ದರು. ಆದರೆ ಅವರು 2007ರಿಂದಲೇ ಕಾರ್ಡುಗಳ ಒಳಗಿನ ವಿವರಗಳ ದಾಖಲೆಗಳನ್ನು ಹೊರಗಿಡತೊಡಗಿದ್ದರಿಂದ, ಅವನ್ನು ಓದಿ ಬರೆದ ರೇಡಿಯಾನ್ ಎಂಬ ಮುಕ್ತ ಡ್ರೈವರು ಕರ್ನಲ್ಲಿನ ಒಳಗೇ ಇದೆ. ನನ್ನ ಸ್ನೇಹಿತನೊಬ್ಬನ ಮನೆಯಲ್ಲಿ ರೇಡಿಯಾನ್ ಎಚ್‌ಡಿ 5450 ಇದೆ, 2010ರ ಅತಿ ಬಡಪಾಯಿ ಕಾರ್ಡು. ಅಲ್ಲಿ ಲಿನಕ್ಸ್ ಹಾಕಿದ ದಿನ ನಾನು ರಬ್ಬರು, ಸ್ಕ್ರೂಡ್ರೈವರು ಎಲ್ಲ ಸಜ್ಜು ಮಾಡಿಕೊಂಡು ಹೋಗಿದ್ದೆ. ಏನೂ ಮಾಡಬೇಕಾಗಿ ಬರಲಿಲ್ಲ. ತಿಂಡಿ ತಿಂದು ವಾಪಸು ಬಂದೆ, ಸ್ವಲ್ಪ ಅವಮಾನವೇ ಆಯಿತು.

ಒಳಗಿರುವುದಕ್ಕೂ ಹೊರಗಿರುವುದಕ್ಕೂ ಏಕೆ ಇಷ್ಟು ವ್ಯತ್ಯಾಸ? ಕರ್ನಲ್ಲಿನ ಒಳಗಿನ ಏರ್ಪಾಡುಗಳು ಸ್ಥಿರವಲ್ಲ. ಸ್ಥಿರವಾಗಿ ಇಡುವುದೂ ಇಲ್ಲ ಎಂದು ಅದನ್ನು ನೋಡಿಕೊಳ್ಳುವ ಹಿರಿಯರಲ್ಲೊಬ್ಬರಾದ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಕರ್ನಲ್ಲಿನ ದಾಖಲೆಗಳಲ್ಲೇ ಖಡಾಖಂಡಿತವಾಗಿ ಬರೆದಿಟ್ಟಿದ್ದಾರೆ. ಯಾರಾದರೂ ಒಳಗೆ ಒಂದು ಗೋಡೆ ಸರಿಸಿದರೆ, ಒಳಗಿರುವ ಡ್ರೈವರುಗಳನ್ನೂ ಅವರೇ ಸರಿಪಡಿಸಿ ಹೋಗಬೇಕು. ಹೊರಗಿನ ಮುಚ್ಚಿದ ಡ್ರೈವರಿನ ಯೋಗಕ್ಷೇಮ ಅದರ ಕಂಪನಿಯದು, ಕಂಪನಿ ಕೈಬಿಟ್ಟರೆ ದೇವರದು. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಲಿನಕ್ಸಿನ ಜನಕ ಲಿನಸ್ ಟೋರ್ವಾಲ್ಡ್ಸ್ ಕ್ಯಾಮೆರಾ ನೋಡಿ ಎನ್‌ವಿಡಿಯಾಕ್ಕೆ ನಡುಬೆರಳು ತೋರಿಸಿದ್ದು ಲೋಕಪ್ರಸಿದ್ಧ. 2022ರಲ್ಲಿ ಆ ಕಂಪನಿ ತನ್ನ ಕರ್ನಲ್ ಡ್ರೈವರಿನ ಮೂಲವನ್ನು ಬಿಡುಗಡೆ ಮಾಡಿತು, ಆದರೆ 2018ರ ಟ್ಯೂರಿಂಗ್ ತಲೆಮಾರಿನ ಮತ್ತು ಅದರ ನಂತರದ ಕಾರ್ಡುಗಳಿಗೆ ಮಾತ್ರ. ಚಿಕ್ಕಪ್ಪನ ಕಾರ್ಡು ಎನ್‌ವಿಡಿಯಾ, ಎಎಂಡಿ ಇವೆರಡರಲ್ಲಿ ಯಾವ ಮನೆತನದ್ದು ಎಂದು ನಾನು ಹೇಳುವುದಿಲ್ಲ. ಅನುಮಾನ ಇಬ್ಬರ ಮೇಲೂ ಸಮನಾಗಿ ಇರಲಿ.

ಅದು ನವೆಂಬರ್ ತಿಂಗಳು. ಚಿಕ್ಕಪ್ಪ ಬೆಳಗ್ಗೆಯೇ ಬ್ಯಾಂಕಿಗೆ ಹೋಗಿ ಪಿಂಚಣಿಗಾಗಿ ತಾವು ಬದುಕಿರುವ ಪ್ರಮಾಣಪತ್ರ ಕೊಟ್ಟು ಬಂದಿದ್ದರು. ನಾನು ಪರದೆಯಲ್ಲಿ ಎಲ್‌ಎಸ್‌ಪಿಸಿಐ ಎಂದು ಬರೆದು ಎಂಟರ್ ಒತ್ತಿದೆ. ಮದರ್‌ಬೋರ್ಡಿಗೆ ಅಂಟಿಕೊಂಡಿರುವ ಸಾಧನಗಳ ಪಟ್ಟಿ ಕೊಡುವ ಆಜ್ಞೆ ಅದು. ಡ್ರೈವರು ಇರಲಿ ಬಿಡಲಿ, ಕಾರ್ಡು ತನ್ನ ಗುರುತಿನ ಸಂಖ್ಯೆ ಹೇಳಿಕೊಳ್ಳುತ್ತದೆ. ಹೆಸರು, ಮಾದರಿ ಎಲ್ಲ ಸರಿಯಾಗಿ ಬಂತು.

"ಅಂದರೆ ಅದು ಬದುಕಿದೆ" ಎಂದರು ಚಿಕ್ಕಪ್ಪ.

"ಬದುಕಿದೆ ಚಿಕ್ಕಪ್ಪ. ಆದರೆ ಕಂಪನಿಯ ದಾಖಲೆಯಲ್ಲಿ ಇಲ್ಲ."

"ಹಾಗಾದರೆ ನನ್ನ ಪರಿಸ್ಥಿತಿಯೇ. ಹೆಬ್ಬೆರಳು ಒತ್ತುತ್ತೇನೆ, ಯಂತ್ರ ಒಪ್ಪುವುದಿಲ್ಲ, ಎದುರಿಗೆ ನಿಂತಿದ್ದರೂ ಆ ಹುಡುಗಿ ಇನ್ನೊಂದು ಬೆರಳು ಒತ್ತಿ ಎನ್ನುತ್ತಾಳೆ. ಇದಕ್ಕೆ ಬೇರೆ ಬೆರಳು ಇಲ್ಲವೇ?"

ಇತ್ತು. ಕೈಬಿಟ್ಟ ಡ್ರೈವರುಗಳಿಗೂ ಹೊಸ ಕರ್ನಲ್ಲಿಗೆ ಹೊಂದುವಂತೆ ತೇಪೆ ಹಾಕಿಕೊಡುವ ಪುಣ್ಯಾತ್ಮರು ಲೋಕದಲ್ಲಿದ್ದಾರೆ. ಅಂಥ ತೇಪೆಯ ಡ್ರೈವರೊಂದನ್ನು ತಂದು ಹಾಕಿದೆ. ಕರ್ನಲ್ಲಿನ ಹೆಡರ್ ಕಡತಗಳು, ಪ್ರತಿ ಕರ್ನಲ್ ಬದಲಾದಾಗಲೂ ಡ್ರೈವರನ್ನು ಹೊಸದಾಗಿ ಕಟ್ಟುವ ಡಿಕೆಎಂಎಸ್, ಎಲ್ಲವನ್ನೂ ಒದಗಿಸಿದೆ. ಪರದೆ ತನ್ನ ನಿಜವಾದ ಅಳತೆಗೆ ಬಂತು. ವಾರ್ತೆ ಓದುವವರು ತೆಳ್ಳಗಾದರು. ತಾನ, ಪಲ್ಲವಿ ಎಲ್ಲ ಬಾಯಿಗೆ ಹೊಂದಿದವು. ಅಕ್ಷರ ಸಣ್ಣಗಾಯಿತೆಂದು ಚಿಕ್ಕಪ್ಪ ಗೊಣಗಿದರು, ಅದನ್ನು ಸೆಟ್ಟಿಂಗಿನಲ್ಲಿ ದೊಡ್ಡದು ಮಾಡಿದೆ. ನಾನು ಬೆಂಗಳೂರಿನ ಬಸ್ಸು ಹತ್ತಿದೆ.

ಕರ್ನಲ್ ಅಪ್‌ಡೇಟ್ ಬಂದದ್ದು ಆ ಮೇಲೆ. ಚಿಕ್ಕಪ್ಪ ಶಿಸ್ತಿನ ಮನುಷ್ಯ, ಪರದೆಯ ಮೂಲೆಯಲ್ಲಿ ಗುರಾಣಿಯ ಚಿಹ್ನೆ ಬಂದ ತಕ್ಷಣ ಒತ್ತಿದ್ದಾರೆ. ತೇಪೆ ಹೊಸ ಕರ್ನಲ್ಲಿಗೆ ಸಾಲಲಿಲ್ಲ, ಡಿಕೆಎಂಎಸ್ ಕೈಚೆಲ್ಲಿತು, ಪರದೆ ಮತ್ತೆ ಕಪ್ಪಾಯಿತು. ದೂರವಾಣಿಯಲ್ಲಿ ಚಿಕಿತ್ಸೆ ಶುರುವಾಯಿತು.

"ಚಿಕ್ಕಪ್ಪ, ಕಂಟ್ರೋಲ್, ಆಲ್ಟ್ ಎರಡನ್ನೂ ಒತ್ತಿ ಹಿಡಿದು ಎಫ್3 ಒತ್ತಿ."

"ಎಫ್ ಒತ್ತಿದೆ. ಮೂರೂ ಒತ್ತಿದೆ. ಏನೂ ಬರಲಿಲ್ಲ."

"ಎಫ್ ಬೇರೆ, ಮೂರು ಬೇರೆ ಅಲ್ಲ. ಮೇಲಿನ ಸಾಲಿನಲ್ಲಿ ಎಫ್3 ಎಂದು ಒಂದೇ ಕೀಲಿ ಇದೆ."

"ಓಹೋ, ಒಂದೇ ಪದ. ಬಂತು. ಲಾಗಿನ್ ಕೇಳುತ್ತಿದೆ. ಹೆಸರು ಕೊಟ್ಟೆ. ಪಾಸ್‌ವರ್ಡ್ ಬರೆಯುತ್ತಿದ್ದೇನೆ, ಬೀಳುತ್ತಿಲ್ಲ."

"ಬೀಳುತ್ತಿದೆ, ಕಾಣುವುದಿಲ್ಲ ಅಷ್ಟೇ."

"ಕಾಣದಿದ್ದರೆ ಬಿದ್ದಿದೆ ಎಂದು ಹೇಗೆ ನಂಬುವುದು?" ಗಣಿತದ ಮೇಷ್ಟ್ರು. ಸಾಧನೆಯಿಲ್ಲದೆ ಪ್ರಮೇಯ ಒಪ್ಪುವವರಲ್ಲ.

ಹೇಗೋ ಒಳಗೆ ಹೋದರು. ಯಾವ ಯಾವ ಕಡತ ಯಾವತ್ತಿನದು ಎಂದು ನೋಡಲು ಪಟ್ಟಿ ತೆಗೆಸಿದೆ. ಆ ಕಡೆ ಮೌನ. ಆಮೇಲೆ, "ತಿಂಗಳಿನ ಜಾಗದಲ್ಲಿ ಬರೀ ಚೌಕಗಳಿವೆಯಲ್ಲಪ್ಪ" ಎಂದರು. ಅಭಿಮಾನದಿಂದ ಇಡೀ ಕಂಪ್ಯೂಟರಿನ ಭಾಷೆಯನ್ನು ಕನ್ನಡಕ್ಕೆ ಇಟ್ಟು ಬಂದಿದ್ದೆ. ಚಿತ್ರದ ಪರದೆಯಿದ್ದಾಗ ಕನ್ನಡ ಮುತ್ತಿನ ಹಾಗೆ ಕಾಣುತ್ತದೆ. ಆದರೆ ಲಿನಕ್ಸಿನ ಬರೀ ಅಕ್ಷರದ ಕನ್ಸೋಲಿಗೆ ಒತ್ತಕ್ಷರ, ಕಾಗುಣಿತ ಜೋಡಿಸುವ ಶಕ್ತಿಯಿಲ್ಲ. ಅದರ ಅಕ್ಷರ ಖಜಾನೆಯಲ್ಲಿ ಹಿಡಿಸುವುದೇ ಹೆಚ್ಚೆಂದರೆ 512 ಆಕಾರಗಳು. ಲಿನಕ್ಸಿನ ಬಗೆಗಳಲ್ಲೊಂದಾದ ಡೆಬಿಯನ್‌ನ ಸ್ಥಾಪಕ ತಂತ್ರಾಂಶದಲ್ಲೂ ಕನ್ನಡ ಬೇಕೆಂದರೆ ಚಿತ್ರದ ಆವೃತ್ತಿಯನ್ನೇ ಆರಿಸಬೇಕು. ಅಂದರೆ ಗ್ರಾಫಿಕ್ಸ್ ಕಾರ್ಡು ಕೈಕೊಟ್ಟ ಗಳಿಗೆಯಲ್ಲಿ, ಸಹಾಯ ಅತ್ಯಗತ್ಯವಾದ ಹೊತ್ತಿನಲ್ಲಿ, ಕನ್ನಡಿಗನ ಕಂಪ್ಯೂಟರು ಇಂಗ್ಲಿಷಿನಲ್ಲಿ ಮಾತ್ರ ನರಳಬಲ್ಲದು. ಇದು ನನಗೆ ನಗು ಬರಿಸುವ ಸಂಗತಿಯಲ್ಲ. ಚಿಕ್ಕಪ್ಪನಿಗೆ ಬಂತು. "ಚೌಕ ಎಣಿಸಿ ಹೇಳಲೇ? ಎರಡಿದ್ದರೆ ಮೇ, ಮೂರಿದ್ದರೆ ಜೂನ್ ಇರಬಹುದು" ಎಂದರು.

ಕೊನೆಗೆ ತೇಪೆಯ ಡ್ರೈವರನ್ನು ಅವರ ಕೈಯಿಂದಲೇ ತೆಗೆಸಿದೆ. ಅದರ ಜೊತೆ, ಮುಕ್ತ ಡ್ರೈವರು ತಲೆಹಾಕದಂತೆ ಮಾಡಿದ್ದ ಬಹಿಷ್ಕಾರದ ಸಾಲನ್ನೂ ಅಳಿಸಿಸಿದೆ. ಎನ್‌ವಿಡಿಯಾ ಕಾರ್ಡುಗಳಿಗೆ ಅಂಥ ಮುಕ್ತ ಡ್ರೈವರು ನೂವೋ. ಕಂಪನಿ ಕೈಪಿಡಿ ಕೊಡದಿದ್ದರೂ ಕಾರ್ಡು ಏನು ಮಾಡುತ್ತದೆಂದು ಹೊರಗಿನಿಂದ ಗಮನಿಸಿ ಗಮನಿಸಿ ಬರೆದದ್ದು, 2010ರ ಕರ್ನಲ್ 2.6.33ರಿಂದ ಒಳಗೇ ಇದೆ. ಎಷ್ಟೋ ಕಾರ್ಡುಗಳನ್ನು ಅದು ಬೂಟ್ ಹೊತ್ತಿನ ನಿಧಾನ ವೇಗದಲ್ಲೇ ಇಟ್ಟುಕೊಂಡು ಓಡಿಸುತ್ತದೆ. ಕಾರು ರೇಸಿನ ಹುಡುಗರು ಬೈಯುತ್ತಾರೆ. ಪತ್ರಿಕೆ, ಕಛೇರಿ, ಮಗನ ಮುಖಕ್ಕೆ ಆ ವೇಗ ಧಾರಾಳವಾಯಿತು. ಚಿಕ್ಕಪ್ಪನ ಮನೆಯಲ್ಲಿ ಕಂಪನಿಯ ಡ್ರೈವರಿಗಿಂತ ಮುಕ್ತ ಡ್ರೈವರೇ ಬಾಳಿಕೆ ಬಂದಿದೆ. ಅಪ್‌ಡೇಟುಗಳು ಬಂದು ಹೋಗುತ್ತಿವೆ, ಯಾರೂ ನನ್ನನ್ನು ಕರೆಯುತ್ತಿಲ್ಲ.

ಕಳೆದ ತಿಂಗಳು ಚಿಕ್ಕಪ್ಪನ ಮಗ ಅಲ್ಲಿ ಹೊಚ್ಚ ಹೊಸ ಗ್ರಾಫಿಕ್ಸ್ ಕಾರ್ಡೊಂದನ್ನು ಕೊಂಡ. ಈ ಸಲವೂ ಪ್ರಾಜೆಕ್ಟಿಗೆ ಎಂದೇ ಹೇಳಿದ್ದಾನೆ, ಹೆಂಡತಿಗೆ. ಅವನ ಲಿನಕ್ಸಿನ ಕರ್ನಲ್ಲು ಆ ಕಾರ್ಡು ಹುಟ್ಟುವ ಮೊದಲಿನದು. ಹಾಗಾಗಿ ಅದರ ಗುರುತೇ ಹತ್ತಲಿಲ್ಲ, ಪರದೆ ಕಪ್ಪು. ಕೈಲಾಗದೆ ತುಮಕೂರಿಗೆ ಕರೆ ಮಾಡಿದ್ದಾನೆ, ನನ್ನ ನಂಬರು ಕೇಳಲು. ಚಿಕ್ಕಪ್ಪ ನಂಬರು ಕೊಡಲಿಲ್ಲ.

"ಅವನಿಗೇಕೆ ತೊಂದರೆ ಕೊಡುತ್ತೀಯೆ? ನಾನೇ ಹೇಳುತ್ತೇನೆ, ಬರೆದುಕೋ. ಗ್ರಬ್ ಬಂದಾಗ ಇ ಒತ್ತು. ಸಾಲಿನ ಕೊನೆಯಲ್ಲಿ ಒಂದು ಜಾಗ ಬಿಟ್ಟು ನೋಮೋಡ್‌ಸೆಟ್ ಎಂದು ಬರೆ. ಆಮೇಲೆ ಎಫ್10. ಎಫ್ ಬೇರೆ, ಹತ್ತು ಬೇರೆ ಅಲ್ಲ ಕಣೋ, ಎಂಜಿನಿಯರಿಂಗ್ ಓದಿಸಿದ್ದೇನೆ ನಿನ್ನನ್ನು."